ಕೊಳಲಿನ ಮೇಲಿನ ಕಪ್ಪು

"ನನ್ನ ಕೈಕೆಲಸ ಅಂತ ಯಾರು ಎಂತದ್ದೇ ತಂದು ಮುಂದಿಡಲಿ, ಗೊತ್ತಿಲ್ಲ ಅನ್ನು. ನನ್ನನ್ನೇ ತಂದು ನಿಲ್ಲಿಸಿದ್ರೂ ಗೊತ್ತಿಲ್ಲ ಅನ್ನು. ಮಾತು ಕೊಡು ಸುಂದ್ರಿ."

ನರಸಿಂಹರಾಜಪುರದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ತಿಮ್ಮಣ್ಣ ಹಾಗೆ ಹೇಳಿದಾಗ ತ್ರಿಪುರಸುಂದರಿ ಇನ್ನೂ ಲಂಗದಾವಣಿಯ ಹುಡುಗಿ. ಅಣ್ಣನ ಅಂಗೈ ಮೇಲೆ ಕೈಯಿಟ್ಟು ಆಗಲಿ ಅಂದಿದ್ದಳು. ಬಸ್ಸು ಹೋಯಿತು, ಅಣ್ಣನೂ ಹೋದ. ಈಗ ಅವಳ ಕಿವಿಯ ಪಕ್ಕ ಕೂದಲು ನರೆತಿದೆ. ಕೊಟ್ಟ ಮಾತು ಮಾತ್ರ ಕೊಟ್ಟ ಹಾಗೇ ಇದೆ.

ಆ ಮಾತೇ ಇವತ್ತು ಬೆಳಿಗ್ಗೆ ಕೊಪ್ಪದ ಅವಳ ಕೋವಿ ರಿಪೇರಿ ಅಂಗಡಿಯ ಮೇಜಿನ ಮೇಲೆ ಬಂದು ಕೂತಿತ್ತು.

"ಇದನ್ನ ನೋಡಿ ಹೇಳಿ ಸುಂದರಮ್ಮನೋರೆ," ಎಂದು ಸಬ್ ಇನ್ಸ್‌ಪೆಕ್ಟರ್ ಶಿವಶಂಕರಪ್ಪ ಬಟ್ಟೆಯ ಗಂಟು ಬಿಚ್ಚಿದ.

ಬೆರಳುದ್ದದ ಉಕ್ಕಿನ ಕೊಳವೆ. ಎರಡೂ ಪಕ್ಕಕ್ಕೆ ಸಾಲಾಗಿ ಕೊರೆದ ತೂತುಗಳು. ರೈಫಲ್ಲಿನ ನಳಿಕೆಯ ತುದಿಗೆ ತಿರುಚಿ ಕೂರಿಸುವ ಮಜಲ್ ಬ್ರೇಕ್ ಅದು. ಗುಂಡು ಹಾರಿದಾಗ ಮದ್ದಿನ ಹೊಗೆ ಈ ತೂತುಗಳಿಂದ ಪಕ್ಕಕ್ಕೆ ನುಗ್ಗುತ್ತದೆ, ಭುಜಕ್ಕೆ ಬೀಳುವ ಒದೆ ಕಡಿಮೆಯಾಗುತ್ತದೆ. ಭುಜದ ಮೂಳೆ ಮುರಿದುಕೊಂಡ ಹಿರೇಕೊಡಿಗೆಯ ಭೈರಪ್ಪನಿಗೆ ಅಂತ ಅವಳ ಅಪ್ಪ ಕೃಷ್ಣಪ್ಪ ಮಾಡಿಕೊಟ್ಟದ್ದು. ಭೈರಪ್ಪ ಅದನ್ನು ಬ್ರೇಕ್ ಅಂದವನೇ ಅಲ್ಲ. "ನನ್ನ ಕೊಳಲು" ಅನ್ನುತ್ತಿದ್ದ.

ಆ ಭೈರಪ್ಪ ಈಗ ಲಾಕಪ್ಪಿನಲ್ಲಿದ್ದ. ಅವನ ಜೊತೆ ಬೇಲಿ ಜಗಳವಿದ್ದ ಕಾಫಿ ತೋಟದ ಧರ್ಮೇಶ್ ಭಾನುವಾರ ಸಂಜೆ ತನ್ನದೇ ಅಂಗಳದಲ್ಲಿ ಗುಂಡು ತಗಲಿ ಸತ್ತಿದ್ದ.

"ಭೈರಪ್ಪಂದೇ," ಅಂದಳು. "ಅಪ್ಪ ಮಾಡಿದ್ದು."

"ಅದು ಗೊತ್ತು. ಮೇಲಿನ ಕಪ್ಪು ಬಳಿದದ್ದು ಯಾರು?"

ಅವಳು ಕೊಳಲನ್ನು ಕೈಗೆತ್ತಿಕೊಂಡು ಬಾಗಿಲ ಬೆಳಕಿಗೆ ಹೋದಳು. ಬೆಳಕಿಗೇನೂ ಹೋಗಬೇಕಾಗಿರಲಿಲ್ಲ. ಮುಖ ತಿರುಗಿಸಿಕೊಳ್ಳಬೇಕಾಗಿತ್ತು.

ರಸ್ತೆಯ ಆಚೆ ಪೊಲೀಸ್ ಜೀಪು ನಿಂತಿತ್ತು. ಹಿಂದಿನ ಟಾರ್ಪಾಲು ಇಳಿಬಿಟ್ಟು ಕಟ್ಟಿದ್ದರು. ಬಿಸಿಲು ಕಾಯುತ್ತಿದ್ದ ದಿನ, ಮಳೆ ಹಿಡಿಯಲು ಇನ್ನೂ ವಾರವಿತ್ತು. ಮುಂದಿನ ಸೀಟಿನಲ್ಲಿ ಕಾನ್‌ಸ್ಟೆಬಲ್ ಬೂತಪ್ಪ ಕೂತಿದ್ದ. ಬೇರೆ ದಿನವಾದರೆ ಅಂಗಡಿಗೆ ಮೊದಲು ಕಾಲಿಡುವವನು ಅವನೇ.

"ಎಂತ ಬೂತಪ್ಪಣ್ಣ, ಇವತ್ತು ಒಳಗೆ ಬರೂದಿಲ್ವಾ?"

"ಬರಂಗಿಲ್ಲ ಸುಂದ್ರಕ್ಕ. ಡ್ಯೂಟಿ. ಕಾಫಿ ಆದ್ರೆ ಇಲ್ಲಿಗೇ ಕೊಡಿ, ಬೇಡ ಅನ್ನಲ್ಲ."

ಶಿವಶಂಕರಪ್ಪ ನಕ್ಕ. "ಅವನ ಡ್ಯೂಟಿ ಅಂದ್ರೆ ಅದೇ."

ಅವಳು ಒಳಗಿನ ಒಲೆಗೆ ಪಾತ್ರೆಯಿಟ್ಟಳು. ಕೊಳಲು ಸೆರಗಿನ ಮರೆಯಲ್ಲಿ ಕೈಯಲ್ಲೇ ಇತ್ತು. ಒಲೆಯ ಕಾವಿಗೆ ಅದನ್ನು ಹಿಡಿದಳು, ಸ್ವಲ್ಪವೇ, ಲೋಹ ಬೆಚ್ಚಗಾಗುವಷ್ಟು.

ಜೇನುಮೇಣದ ವಾಸನೆ ಬಂತು. ಅದರ ಹಿಂದೆಯೇ ಧೂಪದ ಮರದ ಅಂಟಿನ ವಾಸನೆ.

ಅವಳು ಗೋಡೆಗೆ ಒರಗಿಕೊಂಡಳು.

ಅಪ್ಪ ಸೈನ್ಯದ ವರ್ಕ್‌ಶಾಪಿನಲ್ಲಿ ಕಲಿತ ಮನುಷ್ಯ. ಕಪ್ಪು ಬಣ್ಣ ಬಳಿದು ಒಲೆಯ ಕಾವಿನಲ್ಲಿ ಬೇಯಿಸುತ್ತಿದ್ದ. ಉಕ್ಕಿಗೆ ಚರ್ಮದ ಹಾಗೆ ಕಚ್ಚಿಕೊಳ್ಳುವ ಬಣ್ಣ. ಆದರೂ ಕೊಳಲಿನ ತೂತುಗಳ ಸುತ್ತ ಅದು ನಿಲ್ಲುತ್ತಿರಲಿಲ್ಲ. ಹೊಗೆಯ ಬಿಸಿಗೆ ಗುಳ್ಳೆಯೆದ್ದು ಸಿಪ್ಪೆ ಬಿಡುತ್ತಿತ್ತು, ಒಂದು ಮಳೆಗಾಲ ಕಳೆಯುವುದರೊಳಗೆ ಅಲ್ಲಿ ತುಕ್ಕು. ತಿಮ್ಮಣ್ಣನಿಗೆ ಅದೇ ಚಿಂತೆ. ಒಂದು ದಿನ ಅಡಿಕೆ ಬೇಯಿಸುವ ಹಂಡೆಯ ಪಕ್ಕ ಮರೆತುಬಿಟ್ಟ ಮೆಟ್ಟುಗತ್ತಿ ಕಾಡಿಗೆಯಂತೆ ಕಪ್ಪಾದದ್ದು ಕಂಡ. ಅವತ್ತಿನಿಂದ ಶುರು. ಅಡಿಕೆ ಬೆಂದ ಗಟ್ಟಿ ರಸ ಚೊಗರನ್ನು ತಂದು ತುಕ್ಕಿನ ಮೇಲೆ ಬಳಿಯುವುದು, ಗಂಜಿಯ ಆವಿಗೆ ಹಿಡಿಯುವುದು, ಮತ್ತೆ ಬಳಿಯುವುದು. ಕೊನೆಗೆ ಜೇನುಮೇಣಕ್ಕೆ ಧೂಪದ ಅಂಟು ಕೂಡಿಸಿ, ಎಡಗೈ ಹೆಬ್ಬೆರಳಿನಿಂದ ಪ್ರತಿ ತೂತಿನ ಅಂಚನ್ನೂ ಒಂದು ಸುತ್ತು ಒರೆಸುವುದು.

"ಕೋವಿಗೆ ಚೊಗರು ಬಳೀತಾನಂತೆ, ನಾಳೆ ಸುಣ್ಣ ಹಚ್ಚಿ ಎಲೆ ಸುತ್ತು," ಎಂದು ಅಪ್ಪ ರೇಗಿಸುತ್ತಿದ್ದ. ಊರಲ್ಲಿ ಇನ್ಯಾರೂ ಆ ಕೆಲಸ ಕಲಿಯಲಿಲ್ಲ. ಅವಳಿಗೆ ಗೊತ್ತಿತ್ತು, ಆದರೆ ಅವನು ಹೋದ ಮೇಲೆ ಮಾಡಲು ಮನಸ್ಸು ಬಂದಿರಲಿಲ್ಲ.

ಕೊಳಲಿನ ತೂತಿನ ಅಂಚಿಗೆ ಅವಳು ತನ್ನ ಹೆಬ್ಬೆರಳಿಟ್ಟಳು. ಒರೆಸಿದ ಗುರುತು ಎಡಗಡೆಯಿಂದಲೇ ಸುತ್ತಿತ್ತು.

ಬದುಕಿದ್ದಾನೆ. ಇಲ್ಲೇ ಬಂದಿದ್ದಾನೆ.

ಹಿರೇಕೊಡಿಗೆಯಿಂದ ಕೊಪ್ಪಕ್ಕೆ ಎಷ್ಟು ದೂರ? ಒಂದು ಬಸ್ಸು. ಹತ್ತಿದರೆ ಈ ಅಂಗಡಿಯ ಎದುರಿಗೇ ಇಳಿಸುತ್ತದೆ. ಅವನು ಗುರುತು ತಪ್ಪಬಾರದೆಂದೇ ಅಲ್ಲವೆ ಅವಳು ಬಾಗಿಲಿನ ಹಸಿರು ಬಣ್ಣವನ್ನು ಬದಲಾಯಿಸದೆ ಇದ್ದದ್ದು, ಅಪ್ಪನ ಹೆಸರಿನ ಬೋರ್ಡನ್ನು ಇಳಿಸದೆ ಇದ್ದದ್ದು. ನರಸಿಂಹರಾಜಪುರದಲ್ಲಿ ಒಳ್ಳೆ ಮಳಿಗೆಯಿದೆ ಬಾ ಅಂದವರಿಗೆಲ್ಲ ನೆವ ಹೇಳಿದ್ದಳು. ನಿಜ ಹೇಳಿದರೆ ನಗುತ್ತಿದ್ದರು.

"ಕಾಫಿ ಉಕ್ಕಿತು ಅನ್ಸುತ್ತೆ," ಹೊರಗಿನಿಂದ ಶಿವಶಂಕರಪ್ಪ ಅಂದ.

ಅವಳು ಲೋಟಗಳನ್ನು ತಂದಳು. ಬೆಲ್ಲದ ಕಾಫಿ. ಬೂತಪ್ಪ ಇಳಿದು ಬಾಗಿಲಿಗೆ ಬಂದು ತನ್ನದನ್ನು ತೆಗೆದುಕೊಂಡ, ಒಂದು ಗಳಿಗೆ ಸಾಹೇಬರ ಮುಖ ನೋಡಿದ.

"ಇನ್ನೊಂದು ಲೋಟ ಇದ್ರೆ ಕೊಡಿ ಸುಂದ್ರಕ್ಕ."

"ಒಂದರ ಮೇಲೊಂದು ಕುಡೀತೀರಾ ಮಾರಾಯ್ರೆ?"

"ದೊಡ್ಡ ಹೊಟ್ಟೆ," ಅಂದ ಬೂತಪ್ಪ. ನಗಲಿಲ್ಲ.

ಅವಳು ತನ್ನ ಪಾಲಿನದನ್ನೇ ಕೊಟ್ಟು, ಪಾತ್ರೆಯಲ್ಲಿ ಉಳಿದದ್ದನ್ನು ತನಗೆ ಬಗ್ಗಿಸಿಕೊಂಡಳು.

"ಭೈರಪ್ಪ ಹೇಳೋದು, ನಾನೇ ಬೂಟ್ ಪಾಲಿಶ್ ಹಚ್ಚಿದ್ದು ಅಂತ," ಶಿವಶಂಕರಪ್ಪ ಕಾಫಿ ಗುಟುಕರಿಸಿದ. "ನಾನು ಒಂದು ಹಳೆ ಬೋಲ್ಟಿಗೆ ಪಾಲಿಶ್ ಹಚ್ಚಿ ನೋಡಿದೆ. ನನ್ನ ಕೈಗೆ ಬಂತು, ಟೇಬಲ್ಲಿಗೆ ಬಂತು, ಬೂತಪ್ಪನ ಅಂಗಿಗೂ ಬಂತು. ಇದು ಉಗುರಲ್ಲಿ ಕೆರೆದ್ರೂ ಬರಲ್ಲ. ಯಾಕೆ ಸುಳ್ಳು ಹೇಳ್ತಾನೆ ಅವನು?"

"ನಂಗೆಂತ ಗೊತ್ತು ಸಾರ್."

ಗೊತ್ತಿತ್ತು. ಭೈರಪ್ಪ ತಿಮ್ಮಣ್ಣನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಅವನಿಂದಲೂ ಅಣ್ಣ ಅದೇ ಮಾತು ತೆಗೆದುಕೊಂಡಿರಬೇಕು.

"ಯಾರ ಕೆಲಸ ಇದು?"

"ಗೊತ್ತಿಲ್ಲ ಸಾರ್."

ನಾಲಿಗೆ ತಡೆಯದೆ ಬಂತು ಉತ್ತರ. ಶಿವಶಂಕರಪ್ಪ ಅವಳನ್ನು ನೋಡಲಿಲ್ಲ. ಲೋಟದಲ್ಲಿ ಉಳಿದ ಕಾಫಿಯನ್ನು ನೋಡುತ್ತಿದ್ದ.

"ನಾನು ಯೋಚನೆ ಮಾಡಿದ್ದು ಹೀಗೆ. ಹೊಡೆದಿದ್ದಾನೆ, ಮಸಿ ಕೂತಿದೆ, ಅದು ಕಾಣಬಾರದು ಅಂತ ಮೇಲೆ ಕಪ್ಪು ಬಳಿದಿದ್ದಾನೆ. ನಳಿಕೆಗೆ ಎಣ್ಣೆ ಬಟ್ಟೆ ಎಳೆದಿದ್ದಾನೆ, ಅದು ಚುನಾವಣೆ ಮುಗಿದು ಕೋವಿ ಠಾಣೆಯಿಂದ ವಾಪಸು ತಂದವರೆಲ್ಲ ಮಾಡೋದೆ, ಅದರಿಂದ ಏನೂ ತಿಳಿಯಲ್ಲ. ಬೆಂಗಳೂರಿಗೆ ಕಳಿಸ್ತೀನಿ. ವರದಿ ಬರೋವರೆಗೆ ಭೈರಪ್ಪ ಒಳಗೆ."

"ಅವನು ಹೊಡೆದಿಲ್ಲ ಸಾರ್."

"ಹೇಗೆ ಹೇಳ್ತೀರಿ?"

ಇಲ್ಲಿ ಅವಳು ಸುಮ್ಮನಿರಬಹುದಿತ್ತು. ಭೈರಪ್ಪನ ಹೆಂಡತಿ ನಿನ್ನೆ ಇದೇ ಬೆಂಚಿನ ಮೇಲೆ ಕೂತು ಸೆರಗು ಕಚ್ಚಿಕೊಂಡು ಅತ್ತದ್ದು ನೆನಪಾಯಿತು. ಅಣ್ಣನ ಹೆಸರು ಬಾರದ ಹಾಗೆ ಭೈರಪ್ಪನನ್ನು ಬಿಡಿಸುವ ದಾರಿಯೊಂದು ಅವಳ ಬೆರಳ ತುದಿಯಲ್ಲಿತ್ತು. ಅದಕ್ಕೆ ಬೇಕಾದ್ದು ಸೀಮೆಎಣ್ಣೆ ಮತ್ತು ಒಂದು ನಿಂಬೆಹಣ್ಣು.

ಆದರೆ ಇಷ್ಟು ವರ್ಷಗಳಲ್ಲಿ ಅಣ್ಣನ ಕೈ ಸೋಕಿದ ಒಂದೇ ಒಂದು ವಸ್ತು ಅವಳ ಕೈಗೆ ಬಂದಿತ್ತು. ಅದನ್ನೇ ತೊಳೆಯಬೇಕಾಗಿತ್ತು.

"ಒಂದು ತೂತು ತೊಳೆದು ತೋರಿಸ್ತೀನಿ," ಅಂದಳು. "ಉಳಿದದ್ದನ್ನ ಮುಟ್ಟೂದಿಲ್ಲ. ಅದು ನಿಮ್ಮ ಬೆಂಗಳೂರಿಗೆ ಇರಲಿ."

"ಒಂದೇ. ನಾನು ನೋಡ್ತಾ ಇರ್ತೀನಿ."

ಅವಳು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದಳು. ಹತ್ತಿಗೆ ಸೀಮೆಎಣ್ಣೆ ಅದ್ದಿ ಕೊನೆಯ ತೂತಿನ ಸುತ್ತ ಒರೆಸಿದಳು. ಮೇಣ ಬಂತು. ಆ ಹತ್ತಿಯನ್ನು ಎಸೆಯದೆ ಪಕ್ಕಕ್ಕಿಟ್ಟುಕೊಂಡಳು.

"ಚುನಾವಣೆಗೆ ಕೋವಿ ಠಾಣೆಗೆ ಕೊಡೂ ಮುಂಚೆ ಭೈರಪ್ಪ ಇದನ್ನ ನನ್ನ ಹತ್ರ ತಂದಿದ್ದ. ಅಪ್ಪನ ಬಣ್ಣ ತೂತಿನ ಸುತ್ತ ಪೂರ್ತಿ ಎದ್ದುಹೋಗಿತ್ತು. ಹಳೆ ಮಸಿ ಎಲ್ಲ ನಾನೇ ಹಿತ್ತಾಳೆ ಕಡ್ಡಿಯಲ್ಲಿ ಕೆರೆದು ತೆಗೆದೆ. ಬಣ್ಣ ಹಾಕಿಸ್ಕೋ ಮಾರಾಯ, ಬರೀ ಮೈ ಬಿಟ್ರೆ ತುಕ್ಕು ಹಿಡಿಯುತ್ತೆ ಅಂದೆ. ಎಲೆಕ್ಷನ್ ಆಗ್ಲಿ ಅಂದ."

"ಆಮೇಲೆ?"

"ಆಮೇಲೆ ಬರಲಿಲ್ಲ."

ನಿಂಬೆಹಣ್ಣನ್ನು ಕೊಯ್ದು ರಸವನ್ನು ತೂತಿಗೆ ತೊಟ್ಟಿಕ್ಕಿಸಿದಳು. ಇಬ್ಬರೂ ಬಗ್ಗಿ ನೋಡಿದರು.

"ಈ ಕಪ್ಪು ಅಡಿಕೆ ಚೊಗರಿಂದ ಮಾಡಿದ್ದು. ಚೊಗರಿನ ಕಪ್ಪು ಹುಳಿಗೆ ಕರಗುತ್ತೆ. ಮದ್ದಿನ ಮಸಿ ಹುಳಿಗೆ ಜಗ್ಗೂದಿಲ್ಲ. ಹೊಡೆದ ಮೇಲೆ ಬಳಿದಿದ್ರೆ, ಮಸಿ ಅಡಿಗೆ ಸಿಕ್ಕಿಕೊಂಡಿರಬೇಕು. ಚೊಗರು ಹೋದ ಮೇಲೆ ಅದು ಚುಕ್ಕೆ ಚುಕ್ಕೆಯಾಗಿ ಉಳಿಯಬೇಕು."

ರಸ ಮೊದಲು ಬೂದುಬಣ್ಣಕ್ಕೆ ತಿರುಗಿತು, ಆಮೇಲೆ ಶಾಯಿಯ ಹಾಗಾಯಿತು. ಅವಳು ಹತ್ತಿಯಿಂದ ಮೆಲ್ಲಗೆ ಹೀರಿಸಿದಳು. ಮತ್ತೆ ರಸ, ಮತ್ತೆ ಹತ್ತಿ. ತೂತಿನ ಅಂಚಿನಲ್ಲಿದ್ದ ಹೆಬ್ಬೆರಳಿನ ಗುರುತು ಕಣ್ಣೆದುರಿಗೇ ತೆಳ್ಳಗಾಗಿ ಹೋಯಿತು. ಅವಳು ಕೈ ನಿಲ್ಲಿಸಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟರೆ ಅಪ್ಪ ಬೈಯುತ್ತಿದ್ದ.

ಉಳಿದದ್ದು ಉಕ್ಕು. ಅದರ ಸಣ್ಣ ಸಣ್ಣ ಗುಳಿಗಳಲ್ಲಿ ಕಂದು ತುಕ್ಕು. ಒಂದೇ ಒಂದು ಕರಿ ಚುಕ್ಕೆ ಇರಲಿಲ್ಲ.

ಶಿವಶಂಕರಪ್ಪ ಜೇಬಿನಿಂದ ಭೂತಕನ್ನಡಿ ತೆಗೆದು ಬಹಳ ಹೊತ್ತು ನೋಡಿದ.

"ಹೊಡೆದು, ಬೂದಿ ಹಾಕಿ ಚೆನ್ನಾಗಿ ಉಜ್ಜಿ, ಆಮೇಲೆ ಬಳಿದಿದ್ರೆ?"

"ಉಜ್ಜಿದ್ರೆ ತುಕ್ಕೂ ಹೋಗ್ತಿತ್ತಲ್ಲ ಸಾರ್. ತುಕ್ಕು ಇಲ್ಲದೆ ಇದ್ರೆ ಚೊಗರು ಹೀಗೆ ಹಿಡಿಯೂದೂ ಇಲ್ಲ. ಮತ್ತೆ ಬಳಿದ ಮೇಲೆ ಹೊಡೆದಿದ್ರೆ ಮೇಲಿನ ಮೇಣ ಕರಗಿ ಹರಿದಿರಬೇಕು. ಹರಿದಿಲ್ಲ."

"ಅಂದ್ರೆ ಬಳಿಯೋ ಮುಂಚೆನೂ ಹೊಡೆದಿಲ್ಲ. ಬಳಿದ ಮೇಲೂ ಹೊಡೆದಿಲ್ಲ."

"ಹೌದು. ಕೊಳಲು ಬಿಚ್ಚಿಟ್ಟು ಹೊಡೆಯೂಕೆ ಅವನ ಭುಜ ತಡೆಯೂದಿಲ್ಲ."

ಅವನು ಭೂತಕನ್ನಡಿಯನ್ನು ಮಡಚಿದ. "ಭೈರಪ್ಪನ್ನ ಸಂಜೆಗೆ ಬಿಡ್ತೀನಿ."

ಅವಳು ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಲೋಟವನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ಭೈರಪ್ಪ ಬಚಾವಾದ. ಅಣ್ಣನ ಹೆಸರು ಬರಲಿಲ್ಲ. ಇನ್ನು ಅವನು ಒಂದು ದಿನ ಯಾವುದಾದರೂ ಬಸ್ಸಿನಿಂದ ಇಳಿದರೂ ಇಳಿಯಬಹುದು.

ಬೂತಪ್ಪ ಖಾಲಿ ಲೋಟಗಳನ್ನು ತಂದು ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟು ಹೋದ. ಶಿವಶಂಕರಪ್ಪ ಅತ್ತ ಕಣ್ಣು ಹಾಯಿಸಿದ. ಆಮೇಲೆ ಅವಳ ಮೇಜಿನತ್ತ.

"ಸುಂದರಮ್ಮನೋರೆ, ಒಂದು ತೊಡಕು ಉಳೀತು. ಧರ್ಮೇಶ್‌ನ ಅಂಗಳದ ಆಚೆ ಕಲ್ಲುಗೋಡೆ ಇದೆ. ಹೊಡೆದವನು ಕೋವಿನ ಅದರ ಮೇಲೆ ಊರಿಕೊಂಡು ಹೊಡೆದಿದ್ದಾನೆ." ಅವನು ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಕಲ್ಲಿನ ಒಂದು ಚಕ್ಕೆ, ಅದಕ್ಕೆ ಅಂಟಿಕೊಂಡ ಕಪ್ಪು ಮೇಣ. "ಮೂಸಿ ನೋಡಿ."

ಅವಳು ಮೂಸಿದಳು. ಜೇನು. ಅದರ ಹಿಂದೆ ಧೂಪ.

"ಇದೇ ಕೈ, ಇನ್ನೊಂದು ಕೋವಿ," ಅಂದ ಶಿವಶಂಕರಪ್ಪ. "ಭೈರಪ್ಪನ ಕೊಳಲಿಗೆ ಬಳಿದವನೇ ಧರ್ಮೇಶ್‌ನ ಕೊಂದ ಕೋವಿಗೂ ಬಳಿದಿದ್ದಾನೆ. ಹೊಡೆದವನೂ ಅವನೇನಾ, ಇಲ್ಲ ಬಳಿದುಕೊಟ್ಟದ್ದಷ್ಟೇನಾ, ನಂಗೆ ಗೊತ್ತಿಲ್ಲ."

ಮೇಜಿನ ಅಂಚು ಅವಳ ಅಂಗೈಗೆ ಒತ್ತುತ್ತಿತ್ತು.

"ನಿನ್ನೆ ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಸಿಕ್ಕಿದ್ದಾನೆ. ಚೀಲದಲ್ಲಿ ಒಂದುಂಡೆ ಮೇಣ, ಒಂದು ಸೀಸೆ ಚೊಗರು. ಕೋವಿ ಇಲ್ಲ. ಹೆಸರು ಕೇಳಿದ್ರೆ, ನನ್ನ ಹೆಸರು ಕಟ್ಕೊಂಡು ನಿಮಗೆಂತ ಆಗಬೇಕು ಅಂತಾನೆ. ಊರಿಲ್ಲ, ಮನೆಯಿಲ್ಲ, ಗೊತ್ತಿರೋರು ಯಾರೂ ಇಲ್ಲ. ಭಾನುವಾರ ಎಲ್ಲಿದ್ದೆ ಅಂದ್ರೆ ಬಾಯಿಯೇ ಬಿಡಲ್ಲ." ಅವನು ಎದ್ದ. "ಇವನು ಇಂಥವನು ಅಂತ ಯಾರಾದ್ರೂ ಹೇಳಿದ್ರೆ, ಎಲ್ಲಿ ಇಳಿದ, ಯಾರ ಮನೆಯಲ್ಲಿ ಉಂಡ, ಯಾವ ಕೋವಿ ಬಳಿದ ಅಂತ ನಾನು ಹುಡುಕಿಕೊಂಡು ಹೋಗ್ತೀನಿ. ಯಾರೂ ಹೇಳಲಿಲ್ಲ ಅಂದ್ರೆ ಕೊಲೆ ಅವನ ತಲೆಗೇ ಸುತ್ತುತ್ತೆ. ನಾಳೆ ಕೋರ್ಟು."

"ಎಲ್ಲಿದ್ದಾನೆ ಅವನು?"

ಕೇಳಬಾರದಿತ್ತು. ಕೇಳಿಬಿಟ್ಟಿದ್ದಳು.

"ನಿಮ್ಮ ಕಾಫಿ ಕುಡಿದ," ಅಂದ ಶಿವಶಂಕರಪ್ಪ.

ರಸ್ತೆ ದಾಟಿದ್ದು ಅವಳಿಗೆ ನೆನಪಿಲ್ಲ. ಬೂತಪ್ಪ ಟಾರ್ಪಾಲಿನ ಹಗ್ಗ ಬಿಚ್ಚಿದ.

ಒಳಗಿನ ನೆರಳಿನಲ್ಲಿ ಒಬ್ಬ ಮುದುಕ ಕೂತಿದ್ದ. ಮುದುಕ ಅಂತಲೇ ಮೊದಲು ಕಂಡದ್ದು. ತಲೆ ಪೂರ್ತಿ ಬೆಳ್ಳಗೆ, ಕೆನ್ನೆ ಒಳಕ್ಕೆ ಹೋಗಿತ್ತು. ಬೇಡಿ ಹಾಕಿದ ಕೈಗಳು ಮಡಿಲಲ್ಲಿದ್ದವು. ಎಡಗೈಯ ಹೆಬ್ಬೆರಳು ಉಗುರಿನವರೆಗೂ ಕಪ್ಪಾಗಿತ್ತು.

ಅವನು ಮುಖವೆತ್ತಿದ. ಅಪ್ಪನ ಕಣ್ಣುಗಳು.

ಅವನ ನೋಟ ಅವಳ ನರೆತ ಕೂದಲಿನ ಮೇಲೆ ನಿಂತಿತು, ಬರಿಯ ಕೊರಳಿಗೆ ಇಳಿಯಿತು. ಅವಳನ್ನು ದಾಟಿ ಹಸಿರು ಬಾಗಿಲಿಗೆ, ಬೋರ್ಡಿಗೆ ಹೋಗಿ, ಮತ್ತೆ ಅವಳಲ್ಲಿಗೆ ಬಂತು. ತುಟಿ ಒಂದಿಷ್ಟು ಅಲುಗಿತು.

"ಕಾಫಿ ಚೆನ್ನಾಗಿತ್ತಮ್ಮಾ," ಅಂದ. ದಾರಿಹೋಕನೊಬ್ಬ ಗೊತ್ತಿಲ್ಲದ ಮನೆಯ ಹೆಂಗಸಿಗೆ ಹೇಳುವ ಹಾಗೆ.

ಆ ದನಿ ಒರಟಾಗಿತ್ತು. ಆದರೆ ಚೆನ್ನಾಗಿತ್ತು ಅನ್ನುವಾಗ ಕೊನೆಗೆ ಮೆಲ್ಲಗೆ ಎಳೆಯುವುದು ಮನೆಯದೇ. ಅವ್ವ ಹಾಗೆ ಎಳೆಯುತ್ತಿದ್ದಳು.

"ಹೇಳಿ," ಪಕ್ಕದಿಂದ ಶಿವಶಂಕರಪ್ಪ ಅಂದ. "ಯಾರಿವನು?"

ಹೆಸರು ಹೇಳಿದರೆ ಹಳೆಯ ಕೇಸು ಎದ್ದು ಕೂರುತ್ತದೆ. ಲೈಸೆನ್ಸಿಲ್ಲದೆ ತಿಮ್ಮಣ್ಣ ಮಾಡಿಕೊಟ್ಟ ಕೋವಿಯಿಂದ ಕಾಡಿನಲ್ಲೊಬ್ಬ ಸತ್ತಿದ್ದ; ಅದಕ್ಕೇ ಅವನು ಅವತ್ತು ಬಸ್ಸು ಹತ್ತಿದ್ದು. ಹೇಳದಿದ್ದರೆ ಹೊಸ ಕೊಲೆ. ಕೈ ಚಾಚಿದರೆ ಅವನ ಮಂಡಿ ಸಿಗುವಷ್ಟು ಹತ್ತಿರ ನಿಂತಿದ್ದಳು. ಇಷ್ಟು ವರ್ಷ ಎಷ್ಟು ಬಸ್ಸುಗಳ ಬಾಗಿಲನ್ನು ನೋಡಿದ್ದಳು, ಇಳಿದವರಲ್ಲಿ ಎಷ್ಟು ಜನರ ನಡಿಗೆಯನ್ನು ಅವನದೆಂದುಕೊಂಡಿದ್ದಳು. ಬಂದರೆ ಮೊದಲು ಏನು ಬಡಿಸಬೇಕು ಅನ್ನುವುದನ್ನೂ ಯೋಚಿಸಿಟ್ಟಿದ್ದಳು.

ಅವನು ಅವಳನ್ನೇ ನೋಡುತ್ತಿದ್ದ. ಬಸ್ಸಿನ ಮೆಟ್ಟಿಲ ಮೇಲಿನಿಂದ ನೋಡಿದ ಹಾಗೆಯೇ. ನನ್ನನ್ನೇ ತಂದು ನಿಲ್ಲಿಸಿದ್ರೂ.

"ಗೊತ್ತಿಲ್ಲ ಸಾರ್," ಅಂದಳು.

ಮುದುಕ ಕಣ್ಣು ಮುಚ್ಚಿಕೊಂಡ. ಬೂತಪ್ಪ ಟಾರ್ಪಾಲು ಇಳಿಬಿಟ್ಟ.

ಶಿವಶಂಕರಪ್ಪ ಜೀಪಿಗೆ ಹತ್ತಲಿಲ್ಲ. ಅವಳ ಹಿಂದೆಯೇ ಅಂಗಡಿಯವರೆಗೆ ಬಂದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಬೂತಪ್ಪ ಇಟ್ಟ ಲೋಟಗಳನ್ನು ತೋರಿಸಿದ. ಒಂದು ನೆಟ್ಟಗಿತ್ತು. ಇನ್ನೊಂದು ಕವುಚಿತ್ತು.

"ಕೈಗೆ ಬೇಡಿ ಇದ್ರೂ ಕುಡಿದ ಲೋಟ ಕವುಚೇ ಕೊಟ್ಟನಂತೆ ಅವನು," ಅಂದ. ಆಮೇಲೆ ಮೇಜಿನ ಮೇಲೆ ಅವಳೇ ಕವುಚಿಟ್ಟ ಲೋಟದತ್ತ ನೋಡಿದ. "ಯಾರು ಕಲಿಸಿದ್ದು ನಿಮಗೆ ಇದನ್ನ?"

ಅವಳು ಮೇಜಿನ ಮೇಲಿನ ಲೋಟವನ್ನು ಎತ್ತಿ ನೆಟ್ಟಗಿಟ್ಟಳು.

"ನಾಳೆ ಕೋರ್ಟಿಗೆ ಹೊರಡೋ ಮುಂಚೆ ಇನ್ನೊಂದು ಸಲ ಬರ್ತೀನಿ. ಕಾಫಿಗೆ."

ಜೀಪು ಹೊರಟಿತು. ಅವಳು ಒಳಗೆ ಬಂದು, ಮೇಣ ಒರೆಸಿದ ಹತ್ತಿಯ ಉಂಡೆಯನ್ನು ಮೇಜಿನಿಂದ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಅಣ್ಣನಿಗೆ ಕೊಟ್ಟ ಮಾತನ್ನು ತ್ರಿಪುರಸುಂದರಿ ಉಳಿಸಿಕೊಂಡಿದ್ದಳು.